ಮೂರೋ, ಎಂಟೋ? ಗುಮಾಸ್ತರ ಕಣ್ಣಲ್ಲ, ಪರದೆ ನೋಡಿ ಸ್ವಾಮೀ!

ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಸಗಟು ಕಿರಾಣಿ ಅಂಗಡಿ. ಹೆಸರು ಬೇಡ. ಸಾಹುಕಾರರೂ ಬೇಡ ಅಂದಿದ್ದಾರೆ, ಗುಮಾಸ್ತರೂ ಬೇಡ ಅಂದಿದ್ದಾರೆ. ಕಳೆದ ತಿಂಗಳು ಒಂದು ಸಂಜೆ ಬೆಲ್ಲದ ಬೆಲೆ ವಿಚಾರಿಸಲು ಒಳಗೆ ಕಾಲಿಟ್ಟ ಈ ಅಂಕಣಕಾರನ ಎದುರಿಗೇ ಅಲ್ಲೊಂದು ರಾಮಾಯಣ ನಡೆದುಹೋಯಿತು.

ಮಾಲು ಕಳಿಸಿದ ಪಾರ್ಟಿಯವರ ಫೋನು. "ಐದು ಸಾವಿರ ಕಮ್ಮಿ ಬಂದೈತಲ್ರೀ, ಯಾಕೆ?" ಬಿಲ್ಲಿನಲ್ಲಿ ಇದ್ದದ್ದು 18,640. ಗುಮಾಸ್ತರು ಟ್ಯಾಲಿಯಲ್ಲಿ ಹೊಡೆದದ್ದು 13,640. ಬ್ಯಾಂಕಿನಿಂದ ದುಡ್ಡೂ ಅಷ್ಟೇ ಹೋಗಿದೆ. ಮೂರು ತಿಂಗಳಲ್ಲಿ ಇದು ಮೂರನೇ ಸಲವಂತೆ. ಒಮ್ಮೆ ಮೂರು ಎಂಟಾಗಿತ್ತು, ಇನ್ನೊಮ್ಮೆ ಆರು ಸೊನ್ನೆಯಾಗಿತ್ತು. ಸಾಹುಕಾರರು ಗಿರಾಕಿಗಳ ಎದುರಿಗೇ ಬಾಯಿ ಬಿಟ್ಟರು.

"ನಿಮಗೆ ವಯಸ್ಸಾತು ಗುಮಾಸ್ತ್ರೇ. ಕಣ್ಣು ಕಾಣಂಗಿಲ್ಲ. ಯುಗಾದಿ ಕಳೀಲಿ, ಯಾರಾದ್ರೂ ಹುಡುಗನ್ನ ನೋಡ್ಕಂತೀವಿ."

ಗುಮಾಸ್ತರಿಗೆ ಐವತ್ನಾಲ್ಕು. ಇದೇ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ. ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕದಿಂದ ಹಿಡಿದು ಜಿಎಸ್‌ಟಿವರೆಗೆ ಎಲ್ಲವನ್ನೂ ಕಂಡ ಕೈ. ಅವರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಟವೆಲಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮಗಳ ಮದುವೆ ವೈಶಾಖಕ್ಕೆ ಇಟ್ಟುಕೊಂಡಿದ್ದಾರೆ ಎಂಬುದು ಆಮೇಲೆ ತಿಳಿಯಿತು.

ಆಗ ನನ್ನ ಕಣ್ಣು ಬಿದ್ದದ್ದು ಅವರ ಮುಂದಿದ್ದ ಪರದೆಯ ಮೇಲೆ. ಗಲ್ಲಾ ಪೆಟ್ಟಿಗೆ, ಅದರ ಮೇಲೆ ಕೂತ ಒಂದು ಟಿವಿ! ಮೂವತ್ತೆರಡು ಇಂಚಿನದು. ಮನೆಗೆ ದೊಡ್ಡದು ಬಂದ ಮೇಲೆ ಹಳೆಯದು ಅಂಗಡಿಗೆ ಬಂದಿದೆ. ಕಂಪ್ಯೂಟರಿನಿಂದ ಒಂದು ವೈರು ಎಳೆದು ಸಿಕ್ಕಿಸಿದ್ದಾರೆ. ಗುಮಾಸ್ತರು ಎರಡಡಿ ದೂರದಲ್ಲಿ ಕೂತು, ಗದ್ದ ಮೇಲೆತ್ತಿ, ಗೋಪುರದ ಕಳಶ ನೋಡುವವರ ಹಾಗೆ ಅದನ್ನು ನೋಡುತ್ತಿದ್ದರು.

"ಇದ್ಯಾಕ್ರೀ ಟಿವಿ?" ಅಂದೆ.

"ಗುಮಾಸ್ತರಿಗೆ ಕಣ್ಣು ಕಾಣಂಗಿಲ್ಲ ಅಂತಾನೇ ದೊಡ್ಡದು ತಂದು ಹಾಕಿದ್ದು ಸಾರ್. ಅವರ ಸಲುವಾಗೇ!" ಅಂದರು ಸಾಹುಕಾರರು. ಮನುಷ್ಯ ಕೆಟ್ಟವರಲ್ಲ. ಒಳ್ಳೆಯದು ಮಾಡಲು ಹೋಗಿಯೇ ಇದು ಆಗಿದೆ.

ಒಂದು ಪರೀಕ್ಷೆ

ಸಾಹುಕಾರರ ಮಗ ಅಲ್ಲೇ ಇದ್ದ. ಬಿ.ಕಾಂ. ಎರಡನೇ ವರ್ಷ, ವಯಸ್ಸು ಹತ್ತೊಂಬತ್ತು, ಕಣ್ಣು ಹದ್ದಿನದು. "ತಮ್ಮಾ, ಬಾ ಇಲ್ಲಿ" ಎಂದು ಗುಮಾಸ್ತರ ಕುರ್ಚಿಯಲ್ಲಿ ಕೂರಿಸಿದೆ. ಗುಮಾಸ್ತರು ದಿನಾ ಮಾಡುವಂತೆಯೇ ಅರ್ಧ ಪರದೆಯಲ್ಲಿ ಟ್ಯಾಲಿ, ಇನ್ನರ್ಧದಲ್ಲಿ ವಾಟ್ಸಾಪಿನಲ್ಲಿ ಬಂದ ಬಿಲ್ಲು. ಹತ್ತು ಬಿಲ್ಲಿನ ಮೊತ್ತ ಜೋರಾಗಿ ಓದಪ್ಪಾ ಅಂದೆ. ಹುಡುಗ ಎರಡು ತಪ್ಪು ಓದಿದ! ಇನ್ನೊಂದಕ್ಕೆ "ಇದು ಮೂರೋ ಎಂಟೋ ಗೊತ್ತಾಗ್ತಿಲ್ಲ ಅಂಕಲ್" ಅಂದ.

ಅದೇ ಹತ್ತು ಬಿಲ್ಲನ್ನು ಮೊಬೈಲಿನಲ್ಲಿ ತೆಗೆದು ಗುಮಾಸ್ತರ ಕೈಗೆ ಕೊಟ್ಟೆವು. ಅವರು ಕನ್ನಡಕದ ಕೆಳಭಾಗದಿಂದ ನೋಡಿ, ಬೆರಳಲ್ಲಿ ಅಲ್ಲಲ್ಲಿ ಹಿಗ್ಗಿಸಿ, ಹತ್ತನ್ನೂ ಸರಿಯಾಗಿ ಓದಿದರು. ಸಾಹುಕಾರರು ಸುಮ್ಮನಾದರು.

ಅಂಗೈ ಅಗಲದ ಮೊಬೈಲಿನಲ್ಲಿ ಕಂಡದ್ದು ಮೂವತ್ತೆರಡು ಇಂಚಿನ ಟಿವಿಯಲ್ಲಿ ಯಾಕೆ ಕಾಣಲಿಲ್ಲ? ಹರಿಹರದ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಇಡೀ ಪೇಪರು ಓದುವವರು ಆಫೀಸಿಗೆ ಹೋಗಿ ಪರದೆ ಮುಂದೆ ಕೂತು ಹಣೆ ಒತ್ತಿಕೊಳ್ಳುವುದು ಯಾಕೆ? ಇದು ನಮ್ಮ ಊರಿನವರಿಗೆ ಅರ್ಥವಾಗಲು ಕಂಪ್ಯೂಟರ್ ಕಾಲೇಜಿಗೆ ಹೋಗಬೇಕಿಲ್ಲ. ನಾವು ಬಟ್ಟೆ ಮಿಲ್ಲಿನ ಊರಿನವರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡವರು. ಮಿಲ್ಲುಗಳ ಸೈರನ್ನು ನಿಂತುಹೋಗಿರಬಹುದು, ಆದರೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಬುದ್ಧಿ ಇನ್ನೂ ಇದೆಯಲ್ಲ!

ಬಟ್ಟೆಗೆ ಹಾಸು ಎಷ್ಟು ಎಳೆ, ಹೊಕ್ಕು ಎಷ್ಟು ಎಳೆ ಎಂದು ಕೇಳುತ್ತೇವೆ. ಪನ್ನ ಎಷ್ಟು ಅಗಲ ಎಂದಷ್ಟೇ ಕೇಳಿ ಧೋತರ ಕೊಂಡವನನ್ನು ಯಾರೂ ಜಾಣ ಅನ್ನುವುದಿಲ್ಲ. ಪರದೆಯೂ ಹಾಗೇ. ಅದು ಚುಕ್ಕಿಗಳ ಬಟ್ಟೆ. ಅಡ್ಡಕ್ಕೆ ಇಷ್ಟು ಚುಕ್ಕಿ, ಉದ್ದಕ್ಕೆ ಇಷ್ಟು ಚುಕ್ಕಿ. ಪಿಕ್ಸೆಲ್ ಎಂದು ಅಂಗಡಿಯ ಹುಡುಗರು ಹೇಳುವುದು ಇದಕ್ಕೇ. ಇಂಚು ಎಂಬುದು ಬರೀ ಪನ್ನ.

ಮೂವತ್ತೆರಡು ಇಂಚಿನ ಸಾಧಾರಣ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಇಂಚಿಗೆ ಹಿಡಿದರೆ 49. ಇಪ್ಪತ್ನಾಲ್ಕು ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 1920ಕ್ಕೆ 1080, ಇಂಚಿಗೆ 92. ನಿಮ್ಮ ಜೇಬಿನ ಮೊಬೈಲಿನಲ್ಲಿ ಇಂಚಿಗೆ ಸುಮಾರು 400! ಒಂದು ಗೋಣಿತಾಟು, ಒಂದು ಲಾಂಗ್‌ಕ್ಲಾತು, ಒಂದು ರೇಷ್ಮೆ. ಗೋಣಿತಾಟಿನ ಮೇಲೆ ಕಸೂತಿ ಹಾಕಲು ಹೋದರೆ ನವಿಲು ಕೋಳಿಯಾಗುತ್ತದೆ.

ಬಿಲ್ಲಿನ ವಿಷಯಕ್ಕೇ ಬನ್ನಿ. ಎ4 ಕಾಗದದ ಬಿಲ್ಲು, ಒಂಬತ್ತು ಪಾಯಿಂಟಿನ ಅಂಕಿಗಳು. ಅರ್ಧ ಪರದೆಯ ಅಗಲಕ್ಕೆ ಇಡೀ ಬಿಲ್ಲು ಕೂರಬೇಕು. ಆ ಟಿವಿಯಲ್ಲಿ ಅರ್ಧ ಎಂದರೆ 683 ಚುಕ್ಕಿ. ಲೆಕ್ಕ ಹಾಕಿದರೆ ಒಂದು ಅಂಕಿಯ ಎತ್ತರಕ್ಕೆ ಸಿಗುವುದು ಸುಮಾರು ಏಳು ಚುಕ್ಕಿ, ಅಗಲಕ್ಕೆ ಐದು. ಏಳು ಚುಕ್ಕಿಯಲ್ಲಿ ರಂಗೋಲಿ ಹಾಕಿ ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ತೋರಿಸಬೇಕು! ಎಂಟಕ್ಕೂ ಮೂರಕ್ಕೂ ಇರುವುದೇ ಎಡಗಡೆ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬ ವ್ಯತ್ಯಾಸ. ಆ ಬಾಗಿಲು ಒಂದೆರಡು ಚುಕ್ಕಿಯದು. ಅದೂ ಮಾಸಲಾಗಿ ಬೂದುಬಣ್ಣಕ್ಕೆ ತಿರುಗಿದರೆ ಗುಮಾಸ್ತರಲ್ಲ, ಬ್ರಹ್ಮದೇವರು ಬಂದರೂ ಅಂದಾಜಿನ ಮೇಲೆ ಓದಬೇಕು. ಫುಲ್ ಎಚ್‌ಡಿ ಮಾನಿಟರಿನಲ್ಲಿ ಅದೇ ಅಂಕಿಗೆ ಹತ್ತು ಚುಕ್ಕಿ ಸಿಗುತ್ತದೆ. ಅಡ್ಡಕ್ಕೆ 2560 ಚುಕ್ಕಿ ಇರುವ ಮಾನಿಟರಿನಲ್ಲಿ ಹದಿಮೂರು.

ಟಿವಿಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಅದು ಸಿನಿಮಾಕ್ಕೆ ಹುಟ್ಟಿದ ಜೀವ. ಕಂಪ್ಯೂಟರು ಕಳಿಸಿದ ಚಿತ್ರವನ್ನು ಚುಕ್ಕಿಗೆ ಚುಕ್ಕಿ ತೋರಿಸದೆ ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುವ ಚಾಳಿ ಎಷ್ಟೋ ಟಿವಿಗಳಿಗಿದೆ. ಬಣ್ಣದ ವಿವರವನ್ನು ಅರ್ಧಕ್ಕಿಳಿಸಿ ತೋರಿಸುವುದೂ ಉಂಟು. ಸಿನಿಮಾದಲ್ಲಿ ಅದು ಗೊತ್ತಾಗುವುದಿಲ್ಲ, ಆದರೆ ಕೆಂಪು ಅಕ್ಷರದ ಬಾಕಿ ಪಟ್ಟಿ ಮಸಿ ಕದಡಿದಂತೆ ಕಾಣುತ್ತದೆ. ಟಿವಿಯನ್ನೇ ಇಟ್ಟುಕೊಳ್ಳಬೇಕಾದ ಅನಿವಾರ್ಯ ಇದ್ದವರು ಅದರ ಸೆಟ್ಟಿಂಗ್‌ನಲ್ಲಿ ಆ ಕನೆಕ್ಷನ್ನಿಗೆ ಪಿಸಿ ಎಂದು ಹೆಸರಿಟ್ಟು ನೋಡಲಿ. ಎಷ್ಟೋ ಸೆಟ್ಟುಗಳಲ್ಲಿ ಅಷ್ಟರಿಂದಲೇ ಸುಧಾರಿಸುತ್ತದೆ. ಆದರೆ ಗೋಣಿತಾಟು ಗೋಣಿತಾಟೇ.

ಹಳಬರಿಗೆ ಗೊತ್ತಿತ್ತು

ಈ ವಿದ್ಯೆ ಹೊಸದಲ್ಲ. 1981ರಲ್ಲಿ ಐಬಿಎಂ ಕಂಪನಿ ಮೊದಲ ಪಿಸಿ ಮಾರಿದಾಗ ಎರಡು ಬಗೆ ಪರದೆ ವ್ಯವಸ್ಥೆ ಇಟ್ಟಿತ್ತು. ಒಂದು ಬಣ್ಣದ್ದು, ಹದಿನಾರು ಬಣ್ಣ ಬರುತ್ತಿತ್ತು. ಆದರೆ ಒಂದೊಂದು ಅಕ್ಷರಕ್ಕೆ ಎಂಟಕ್ಕೆ ಎಂಟು ಚುಕ್ಕಿಯ ಮನೆ. ಇನ್ನೊಂದು ಬರೀ ಹಸಿರು ಅಕ್ಷರದ್ದು. ಬಣ್ಣವಿಲ್ಲ, ಚಿತ್ರವಿಲ್ಲ, ಆದರೆ ಒಂದೊಂದು ಅಕ್ಷರಕ್ಕೆ ಒಂಬತ್ತಕ್ಕೆ ಹದಿನಾಲ್ಕು ಚುಕ್ಕಿ. ವ್ಯಾಪಾರದ ಲೆಕ್ಕ, ಪತ್ರ ಬರೆಯುವವರಿಗೆ ಎಂದೇ ಮಾಡಿದ್ದು ಆ ಹಸಿರು ಪರದೆ. ಚೆಂದಕ್ಕೆ ಒಂದು, ಓದಲಿಕ್ಕೆ ಒಂದು ಎಂಬ ಭೇದ ಆಗಲೇ ಇತ್ತು. ಈಗ ಅಂಗಡಿಗೆ ಹೋದರೆ ಆ ಭೇದವನ್ನು ಹೇಳುವವರೇ ಇಲ್ಲ. ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ ಪರದೆಗಳ ಮೇಲೆ ಗಿಣಿ ಹಾರುತ್ತದೆ, ಜಲಪಾತ ಬೀಳುತ್ತದೆ, ಕಾರು ಓಡುತ್ತದೆ. ಗಿಣಿ ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ ಸ್ವಾಮೀ! ನೀವು ಗಿಣಿ ಸಾಕುತ್ತೀರೋ, ಖಾತೆ ಬರೆಯುತ್ತೀರೋ?

ಡಬ್ಬದ ಮೇಲೆ ಹಚ್ಚಿದ ಚೀಟಿಗಳದ್ದೂ ಇದೇ ಹಣೆಬರಹ. "ಒಂದು ಮಿಲಿಸೆಕೆಂಡ್" ಅನ್ನುತ್ತದೆ ಒಂದು. "144 ಹರ್ಟ್ಸ್" ಅನ್ನುತ್ತದೆ ಇನ್ನೊಂದು. ಎರಡೂ ಬಂದೂಕಿನ ಆಟ ಆಡುವ ಹುಡುಗರಿಗೆ. ಟ್ಯಾಲಿಯ ಅಂಕಿ ಎಲ್ಲಿಗೂ ಓಡಿಹೋಗುವುದಿಲ್ಲ, 60 ಹರ್ಟ್ಸ್ ಸಾಕು. 75, 100 ಇದ್ದರೆ ಪಟ್ಟಿ ಸರಿಸುವಾಗ ಸ್ವಲ್ಪ ನಯ, ಅಷ್ಟೆ. ಬಾಗಿದ ಪರದೆ ಅಂತೂ ಲೆಕ್ಕದವರ ಪಾಲಿಗೆ ಶತ್ರು. ಎಕ್ಸೆಲ್‌ನ ನೆಟ್ಟನೆ ಗೆರೆ ಬಿಲ್ಲಿನ ಹಾಗೆ ಬಾಗಿ ಕಂಡರೆ ಯಾರಿಗೆ ತಲೆ ಸುತ್ತುವುದಿಲ್ಲ?

ನೋಡಬೇಕಾದ ಚೀಟಿ ಬೇರೆ. ಐಪಿಎಸ್ ಎಂಬ ಮೂರಕ್ಷರ. ಪೊಲೀಸ್ ಅಧಿಕಾರಿಯಲ್ಲ, ಪರದೆಯ ಜಾತಿ. ಟಿಎನ್ ಎಂಬ ಅಗ್ಗದ ಜಾತಿಯಲ್ಲಿ ನೇರ ಕೂತರೆ ಮಾತ್ರ ಸರಿ. ಕೆಳಗಿನಿಂದ ನೋಡಿದರೆ ಕಪ್ಪು, ಪಕ್ಕದಿಂದ ನೋಡಿದರೆ ಬಿಳಿಚು. ಅಂಗಡಿಯಲ್ಲಿ ಗುಮಾಸ್ತರು ಕೂತು, ಸಾಹುಕಾರರು ನಿಂತು, ಗಿರಾಕಿ ಪಕ್ಕದಿಂದ ಬಗ್ಗಿ ಒಂದೇ ಪರದೆ ನೋಡುತ್ತಾರೆ. ಐಪಿಎಸ್‌ನಲ್ಲಿ ಮೂವರಿಗೂ ಒಂದೇ ಅಂಕಿ ಕಾಣುತ್ತದೆ. ವಿಎ ಎಂಬ ಮೂರನೆಯ ಜಾತಿಯಲ್ಲಿ ಕಪ್ಪು ಬಲು ಕಪ್ಪು, ಸಿನಿಮಾಕ್ಕೆ ಚೆಂದ. ಲೆಕ್ಕಕ್ಕೂ ನಡೆಯುತ್ತದೆ, ಆದರೆ ಆಯ್ಕೆ ಇದ್ದಾಗ ಐಪಿಎಸ್ ಬಿಡಬೇಡಿ. ಪರದೆಯ ಮೇಲ್ಮೈ ಕನ್ನಡಿಯಂತೆ ಹೊಳೆಯುವುದಕ್ಕಿಂತ ಮಂಕಾಗಿರುವುದು ವಾಸಿ. ನಮ್ಮ ಅಂಗಡಿಗಳಲ್ಲಿ ಬೀದಿ ಬೆಳಕು ಎದುರಿಗೆ, ಟ್ಯೂಬ್‌ಲೈಟು ನೆತ್ತಿಯ ಮೇಲೆ. ಹೊಳೆಯುವ ಪರದೆಯಲ್ಲಿ ಅಂಕಿಗಿಂತ ನಿಮ್ಮ ಮುಖವೇ ಹೆಚ್ಚು ಕಾಣುತ್ತದೆ.

ಎಷ್ಟು ಇಂಚು ಕೊಳ್ಳಬೇಕು?

ಇಲ್ಲಿ ಎಡವಿದವರ ಪಟ್ಟಿಯಲ್ಲಿ ಈ ಅಂಕಣಕಾರನ ಹೆಸರೂ ಇದೆ. ಮೂರು ವರ್ಷದ ಹಿಂದೆ "ಇಪ್ಪತ್ತೇಳು ಇಂಚು, ಬರೀ ಇಷ್ಟಕ್ಕೆ" ಎಂಬ ಮಾತಿಗೆ ಮರುಳಾಗಿ ಒಂದನ್ನು ತಂದೆ. ಇಪ್ಪತ್ತೇಳು ಇಂಚಿನ ಮೇಲೂ ಅದೇ 1920ಕ್ಕೆ 1080 ಚುಕ್ಕಿ! ಇಂಚಿಗೆ 82ಕ್ಕೆ ಇಳಿಯಿತು. ಇಪ್ಪತ್ನಾಲ್ಕರಲ್ಲಿ ಕಾಣುವುದಕ್ಕಿಂತ ಒಂದು ಸಾಲೂ ಹೆಚ್ಚು ಕಾಣಲಿಲ್ಲ, ಅಕ್ಷರದ ಅಂಚು ಮಾತ್ರ ಇಲಿ ಕಡಿದಂತೆ ಕಂಡಿತು. ಈಗ ಅದರಲ್ಲಿ ಮನೆಯವರು ಧಾರಾವಾಹಿ ನೋಡುತ್ತಾರೆ.

ಆದ್ದರಿಂದ ಇಂಚು ಕೇಳುವ ಮೊದಲು ಚುಕ್ಕಿ ಕೇಳಿ. 1920ಕ್ಕೆ 1080 ಆದರೆ ಇಪ್ಪತ್ತೊಂದೂವರೆಯಿಂದ ಇಪ್ಪತ್ನಾಲ್ಕು ಇಂಚಿನೊಳಗೆ ನಿಲ್ಲಿಸಿ. ಬಿಲ್ಲು ಹೊಡೆಯುವ ಸಾಧಾರಣ ಅಂಗಡಿಗೆ ಇದು ಧಾರಾಳ. ಎಂಟು, ಹತ್ತು ಸಾವಿರದೊಳಗೆ ಮುಗಿಯುವ ಬಾಬತ್ತು. ದಿನವಿಡೀ ಖಾತೆಯಲ್ಲೇ ಮುಳುಗಿರುವ ತೆರಿಗೆ ಸಲಹೆಗಾರರು, ಸೊಸೈಟಿಯ ಲೆಕ್ಕಿಗರು, ಅಕ್ಕಿ ಗಿರಣಿಯ ರೈಟರುಗಳು ಕೈ ಸ್ವಲ್ಪ ಸಡಿಲ ಬಿಟ್ಟು 2560ಕ್ಕೆ 1440 ಚುಕ್ಕಿಯ ಇಪ್ಪತ್ತೇಳು ಇಂಚಿನದು ತಗೊಳ್ಳಲಿ. ಇಂಚಿಗೆ 109 ಬೀಳುತ್ತದೆ. ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 20 ಚುಕ್ಕಿ ಎತ್ತರ, ಒಂದು ಕಾಲಮ್ಮಿಗೆ 64 ಚುಕ್ಕಿ ಅಗಲ. ಫುಲ್ ಎಚ್‌ಡಿಗಿಂತ ಇದರಲ್ಲಿ ಹದಿನೆಂಟು ಸಾಲು, ಹತ್ತು ಕಾಲಮ್ಮು ಹೆಚ್ಚು ಕಾಣುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳೂ ಮೊತ್ತವೂ ಒಟ್ಟಿಗೆ ಕಣ್ಣಮುಂದೆ. ಅತ್ತಿತ್ತ ಸರಿಸುವಾಗಲೇ ಅಲ್ಲವೇ ಮೇ ತಿಂಗಳ ಖರ್ಚು ಜೂನ್‌ಗೆ ಹೋಗಿ ಕೂರುವುದು!

ಇನ್ನೊಂದು ಗುಟ್ಟು ಇದೆ. ಆಫೀಸಿಗೆಂದೇ ಮಾಡಿದ ಇಪ್ಪತ್ನಾಲ್ಕು ಇಂಚಿನ ಮಾನಿಟರುಗಳಲ್ಲಿ 1920ಕ್ಕೆ 1200 ಚುಕ್ಕಿಯವು ಇವೆ. ಉದ್ದಕ್ಕೆ 120 ಚುಕ್ಕಿ ಜಾಸ್ತಿ, ಎಂದರೆ ಆರು ಸಾಲು ಜಾಸ್ತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಿಟ್ಟ ಸೆಕೆಂಡ್‌ಹ್ಯಾಂಡ್ ಮಾಲಿನಲ್ಲಿ ಹುಡುಕಿದರೆ ಇಂಥವು ಅಗ್ಗಕ್ಕೆ ಸಿಗುವುದುಂಟು. ಎತ್ತರ ಇಳಿಸಿ ಏರಿಸುವ ಸ್ಟ್ಯಾಂಡು ಸಮೇತ. ವಾರಂಟಿ ಇರುವುದಿಲ್ಲ, ಹೊತ್ತಿಸಿ ಅರ್ಧ ಗಂಟೆ ನೋಡಿಯೇ ದುಡ್ಡು ಎಣಿಸಬೇಕು.

4ಕೆ ಎಂಬುದರ ಬಗ್ಗೆಯೂ ಕೇಳುತ್ತಾರೆ. ಇಪ್ಪತ್ತೇಳು ಇಂಚಿನಲ್ಲಿ 3840ಕ್ಕೆ 2160, ಇಂಚಿಗೆ 163. ಅಕ್ಷರ ಅಚ್ಚುಕೂಟದ್ದೇ ಸರಿ. ಆದರೆ ಹಾಗೇ ಬಿಟ್ಟರೆ ಇರುವೆ ಸಾಲು. ವಿಂಡೋಸ್‌ನಲ್ಲಿ ಗಾತ್ರವನ್ನು ನೂರೈವತ್ತು ಪ್ರತಿಶತಕ್ಕೆ ಏರಿಸಿಕೊಳ್ಳಬೇಕು. ಹಾಗೆ ಏರಿಸಿದಾಗ ಕೆಲವು ಹಳೇ ಬಿಲ್ಲಿಂಗ್ ಸಾಫ್ಟ್‌ವೇರುಗಳು ಮಸುಕಾಗುತ್ತವೆ. ಹಳೇ ಕಂಪ್ಯೂಟರಿನ ಎಚ್‌ಡಿಎಂಐ ಕಿಂಡಿ 4ಕೆಯನ್ನು ಸೆಕೆಂಡಿಗೆ ಮೂವತ್ತು ಸಲ ಮಾತ್ರ ತೋರಿಸಿ, ಮೌಸಿನ ಬಾಣ ಕುಂಟುತ್ತಾ ಬರುವುದೂ ಉಂಟು. ಕೊಳ್ಳುವ ಮುನ್ನ ಡಬ್ಬದ ಹಿಂದೆ ಯಾವ ಕಿಂಡಿ ಇದೆ ಎಂದು ಬಗ್ಗಿ ನೋಡಿ, ಅನುಮಾನವಿದ್ದರೆ ಫೋಟೋ ತೆಗೆದುಕೊಂಡು ಹೋಗಿ.

ಕನ್ನಡದ ಕಷ್ಟವೇ ಬೇರೆ

ಇಂಗ್ಲಿಷ್ ಅಕ್ಷರ ಒಂದೇ ಅಂತಸ್ತಿನ ಮನೆ. ನಮ್ಮದು ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಹನ್ನೊಂದು ಪಾಯಿಂಟಿನಲ್ಲಿ ಬರೆದರೆ ಸಾಧಾರಣ ಪರದೆಯಲ್ಲಿ ಇಡೀ ಅಕ್ಷರಕ್ಕೆ ಸಿಗುವುದು ಹದಿನೈದು ಚುಕ್ಕಿಯ ಎತ್ತರ. ಅದರಲ್ಲೇ ಗುಡಿಸಿಗೂ ಒತ್ತಿಗೂ ಪಾಲು ಹಂಚಬೇಕು. ಒತ್ತಿನ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕಿ. ಸಿದ್ದಪ್ಪನೋ ಸಿದ್ಧಪ್ಪನೋ? ವ್ಯತ್ಯಾಸ ಇರುವುದು ಒತ್ತಿನ ಕೆಳಗಿನ ಒಂದು ಸೀಳಿನಲ್ಲಿ. ಬೀಮಪ್ಪನೋ ಭೀಮಪ್ಪನೋ? ಅದೂ ಒಂದು ಸೀಳು. ಪಕಾರದ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷಕಾರ.

ಇದೇನು ಮಹಾ ಅನ್ನಬೇಡಿ. 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದ ಮೇಲೆ ಹೆಸರಿನ ಒಂದು ಒತ್ತು ತಪ್ಪಾದರೆ ಸಾಲ ನಿಲ್ಲುತ್ತದೆ. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪುಸ್ತಕದಲ್ಲಿ ಇನ್ನೊಂದು ಎಂದು ತಿದ್ದುಪಡಿಗೆ ಅಲೆಯುವ ರೈತರನ್ನು ತಾಲ್ಲೂಕು ಕಚೇರಿ ಮುಂದೆ ಯಾವ ದಿನ ಬೇಕಾದರೂ ನೋಡಬಹುದು. ಎಲ್ಲಾ ತಪ್ಪೂ ಪರದೆಯದ್ದೇ ಎಂದು ನಾನು ಹೇಳುತ್ತಿಲ್ಲ. ಆದರೆ ಕನ್ನಡದಲ್ಲೇ ಬೆರಳಚ್ಚು ಮಾಡುವ ಡಿಟಿಪಿ ಅಂಗಡಿಯವರು, ಪಂಚಾಯ್ತಿ ಕಂಪ್ಯೂಟರಿನವರು ಇಂಚಿಗೆ ನೂರು ಚುಕ್ಕಿಗಿಂತ ಕಡಿಮೆಯದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಈ ಕೆಲಸಕ್ಕೆ ಮಾತ್ರ 4ಕೆಗೆ ಹಾಕಿದ ದುಡ್ಡು ದಂಡವಲ್ಲ.

ಬಿಟ್ಟಿ ಔಷಧಿ

ಎಲ್ಲರೂ ಹೊಸದನ್ನೇ ಕೊಳ್ಳಬೇಕಿಲ್ಲ. ಒಳ್ಳೆಯ ಪರದೆ ಇಟ್ಟುಕೊಂಡೇ ಕುರುಡಾಗಿರುವ ಆಫೀಸುಗಳು ಬೇಕಾದಷ್ಟಿವೆ. ಮೊನ್ನೆ ಪಿ.ಬಿ. ರಸ್ತೆಯ ಒಂದು ಕಚೇರಿಯಲ್ಲಿ ಫುಲ್ ಎಚ್‌ಡಿ ಮಾನಿಟರಿಗೆ 1366ರ ಸೆಟ್ಟಿಂಗ್ ಇಟ್ಟಿದ್ದರು. "ಅಕ್ಷರ ದೊಡ್ಡದು ಕಾಣ್ಲಿ ಅಂತ ಸಾರ್." ದೊಡ್ಡದೇನೋ ಆಯಿತು, ಆದರೆ ಒಂದು ಚುಕ್ಕಿಯನ್ನು ಒಂದೂ ಕಾಲು, ಒಂದೂವರೆ ಚುಕ್ಕಿಯ ಮೇಲೆ ಹರಡಿ ಎಲ್ಲವೂ ಮಂಜು ಮಂಜು. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರೆಸಲ್ಯೂಷನ್ನನ್ನು "ರೆಕಮೆಂಡೆಡ್" ಎಂದು ಇರುವಲ್ಲಿಗೇ ಇಡಬೇಕು. ಅಕ್ಷರ ದೊಡ್ಡದು ಬೇಕಾದರೆ ಅದರ ಪಕ್ಕದಲ್ಲೇ ಇರುವ ಸ್ಕೇಲ್ ಎಂಬುದನ್ನು 125ಕ್ಕೆ ಏರಿಸಬೇಕು. ಕ್ಲಿಯರ್‌ಟೈಪ್ ಎಂದು ವಿಂಡೋಸ್‌ನಲ್ಲಿ ಹುಡುಕಿದರೆ ಕಣ್ಣಿನ ಡಾಕ್ಟರ ಹಾಗೆ ಇದು ಚೆನ್ನಾಗಿದೆಯೋ ಅದೋ ಎಂದು ಕೇಳುತ್ತಾ ಅಕ್ಷರವನ್ನು ತಿದ್ದುತ್ತದೆ. ಎರಡು ನಿಮಿಷದ ಕೆಲಸ.

ವೈರನ್ನೂ ನೋಡಿ. ನೀಲಿ ಮೂತಿ, ಎರಡು ತಿರುಪು, ಹದಿನೈದು ಸೂಜಿ ಇರುವ ವಿಜಿಎ ವೈರು 1987ರ ಕಾಲದ್ದು. ಹಳೇ ಬಗೆಯ ಸಂಕೇತ ಸಾಗಿಸುತ್ತದೆ, ಚುಕ್ಕಿಗಳ ಅಂಚು ಕಲಸುತ್ತದೆ. ಎರಡೂ ಕಡೆ ಎಚ್‌ಡಿಎಂಐ ಕಿಂಡಿ ಇದ್ದೂ ಆ ನೀಲಿ ವೈರನ್ನೇ ಸಿಕ್ಕಿಸಿಕೊಂಡಿರುವವರು ಇವತ್ತೇ ಬದಲಿಸಿ.

ಚಾಳೀಸಿನ ವಿಚಾರ

ಇನ್ನು ಕಣ್ಣು. ಸಾಹುಕಾರರ ಮಾತು ಪೂರಾ ಸುಳ್ಳಲ್ಲ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕು, ಅದಕ್ಕೇ ಚಾಳೀಸು. ಆದರೆ ಚಾಳೀಸು ಕೊಡುವಾಗ ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಒಂದಡಿ ಒಂದೂ ಕಾಲಡಿಗೆ ಹೊಂದಿಸುತ್ತಾರೆ. ಪರದೆ ಇರುವುದು ಎರಡಡಿ ದೂರದಲ್ಲಿ. ಚಾಳೀಸಿಗೆ ಅದು ದೂರ, ದೂರದ ಕನ್ನಡಕಕ್ಕೆ ಅದು ಹತ್ತಿರ. ಎರಡೂ ಒಂದರಲ್ಲೇ ಇರುವ ಬೈಫೋಕಲ್ ಹಾಕಿದವರು ಕೆಳಭಾಗದಿಂದ ನೋಡಲು ಗದ್ದ ಎತ್ತುತ್ತಾರೆ. ಸಂಜೆಗೆ ಕುತ್ತಿಗೆ ಹಿಡಿಯುತ್ತದೆ, ತಲೆನೋವು ಶುರು. ನಮ್ಮ ಗುಮಾಸ್ತರು ಕಳಶ ನೋಡುತ್ತಿದ್ದದ್ದು ಇದಕ್ಕೇ. ಸಾಲದ್ದಕ್ಕೆ ಪರದೆ ಗಲ್ಲಾ ಪೆಟ್ಟಿಗೆ ಏರಿ ಕೂತಿತ್ತು!

ಪರಿಹಾರ ಒಂದು ದಾರದಲ್ಲಿದೆ. ನೀವು ದಿನಾ ಕೂರುವ ಹಾಗೆ ಕೂತು, ಕಣ್ಣಿನಿಂದ ಪರದೆಗೆ ದಾರ ಹಿಡಿದು ಅಳೆಯಿಸಿ. ಆ ದಾರವನ್ನೇ ಕಣ್ಣಿನ ಡಾಕ್ಟರ ಹತ್ತಿರ ತಗೊಂಡು ಹೋಗಿ, "ಈ ದೂರಕ್ಕೆ ಒಂದು ಕನ್ನಡಕ ಬರೆದುಕೊಡಿ" ಅನ್ನಿ. ಬರೆದುಕೊಡುತ್ತಾರೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಗೋ ಇರಲಿ. ಬೈಫೋಕಲ್‌ನವರಿಗೆ ಇನ್ನಷ್ಟು ಕೆಳಗೆ. ಕಿಟಕಿ, ಬಾಗಿಲು ಪರದೆಯ ಪಕ್ಕಕ್ಕೆ ಬರಬೇಕು, ಎದುರಿಗೂ ಬೇಡ ಬೆನ್ನಿಗೂ ಬೇಡ. ಬೆಳಕನ್ನು ಎಷ್ಟಿಡಬೇಕು ಎಂದರೆ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು ನೋಡಿ. ಹಾಳೆಗಿಂತ ಪರದೆ ದೀಪದಂತೆ ಉರಿಯುತ್ತಿದ್ದರೆ ಇಳಿಸಿ. ಹೊಸ ಮಾನಿಟರುಗಳು ಅಂಗಡಿಯಲ್ಲಿ ಮೆರೆಯಲೆಂದು ಪೂರ್ತಿ ಬೆಳಕಿಟ್ಟುಕೊಂಡೇ ಬರುತ್ತವೆ. ಬೆಳಕು ಇಳಿಸಿದಾಗ ದೀಪವನ್ನು ಕಣ್ಣಿಗೆ ಕಾಣದ ವೇಗದಲ್ಲಿ ಹೊತ್ತಿಸಿ ಆರಿಸುವ ಮಾನಿಟರುಗಳಿವೆ, ಕೆಲವರಿಗೆ ಅದರಿಂದಲೇ ತಲೆನೋವು. "ಫ್ಲಿಕರ್ ಫ್ರೀ" ಎಂಬ ಚೀಟಿ ಇದ್ದರೆ ಆ ಕಾಟ ಇಲ್ಲ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣುರಿಗೆ ದೊಡ್ಡ ಕಾರಣ ಅದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಬೀದಿಯ ಆಚೆ ಬದಿಯ ಬೋರ್ಡನ್ನು ಅರ್ಧ ನಿಮಿಷ ನೋಡಿದರೆ ಸಾಕು, ಖರ್ಚಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕ ಎಂದು ಹೆಚ್ಚಿಗೆ ದುಡ್ಡು ಕೇಳುವವರಿಗೆ ಮಾತ್ರ ಕೈಮುಗಿಯಿರಿ. ವೈದ್ಯ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿ 2023ರಲ್ಲಿ ಬಂತು. ಹದಿನೇಳು ಪ್ರಯೋಗ ಜಾಲಾಡಿದರು. ಪರದೆ ನೋಡಿ ದಣಿದ ಕಣ್ಣಿಗೆ ಆ ಗಾಜಿನಿಂದ ಸದ್ಯಕ್ಕೆ ಉಪಯೋಗ ಇದ್ದಂತೆ ಕಾಣುವುದಿಲ್ಲ ಎಂದರು.

ಕೊಳ್ಳಲು ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಎರಡು ಬಿಲ್ಲು, ಒಂದು ಎಕ್ಸೆಲ್ ಪಟ್ಟಿ, ಒತ್ತಕ್ಷರ ತುಂಬಿದ ಒಂದು ಕನ್ನಡ ಪತ್ರ ಹಾಕಿಕೊಂಡು ಹೋಗಿ. ಗಿಣಿಯನ್ನು ಓಡಿಸಿ ಅದನ್ನು ತೆರೆಯಲು ಹೇಳಿ. ತೆರೆಯಲು ಬೇಸರಪಡುವ ಅಂಗಡಿಯಿಂದ ಪಕ್ಕದ ಅಂಗಡಿಗೆ ನಡೆಯಿರಿ. ಎರಡಡಿ ದೂರ ನಿಂತು ಓದಿ, ಪಕ್ಕಕ್ಕೆ ಸರಿದು ಓದಿ, ಬೆಳಕು ಇಳಿಸಿ ಓದಿ. ಪೂರ್ತಿ ಬಿಳಿ ಪರದೆ ಮಾಡಿ ಸತ್ತ ಚುಕ್ಕಿ ಇದೆಯೇ ನೋಡಿ. ಮನೆಗೆ ಒಯ್ದ ಮೇಲೆ ಒಂದೆರಡು ಚುಕ್ಕಿಗೆಲ್ಲಾ ಬದಲಿ ಕೊಡುವ ಕಂಪನಿಗಳು ಕಡಿಮೆ. ಹಿಂದೆ ಬಿಐಎಸ್ ಗುರುತೂ "ಆರ್" ಎಂದು ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ನಿಮ್ಮ ಜಿಎಸ್‌ಟಿ ನಂಬರು ಹಾಕಿಸಿಯೇ ಬಿಲ್ ತಗೊಳ್ಳಿ, ಅಂಗಡಿಯ ಕೆಲಸಕ್ಕೆ ಕೊಂಡದ್ದಕ್ಕೆ ಇನ್‌ಪುಟ್ ಸಿಗುತ್ತದೆ. ಕಾಂಪೊಸಿಷನ್ನಿನಲ್ಲಿ ಇರುವವರಿಗೆ ಆ ಭಾಗ್ಯ ಇಲ್ಲ.

ಮಂಡಿಪೇಟೆಗೆ ಮೊನ್ನೆ ಸೋಮವಾರ ಮತ್ತೆ ಹೋಗಿದ್ದೆ. ಗಲ್ಲಾ ಪೆಟ್ಟಿಗೆ ಕೆಳಗಿಳಿದಿದೆ. ಮೇಜಿನ ಮೇಲೆ ಇಪ್ಪತ್ನಾಲ್ಕು ಇಂಚಿನ ಐಪಿಎಸ್ ಮಾನಿಟರು. ಅದರ ಸ್ಟ್ಯಾಂಡು ಗಿಡ್ಡ ಎಂದು ಗುಮಾಸ್ತರು ಅಡಿಗೆ ಒಂದು ರೀಮು ಝೆರಾಕ್ಸ್ ಕಾಗದ ಇಟ್ಟು ಎರಡು ಇಂಚು ಎತ್ತರಿಸಿಕೊಂಡಿದ್ದಾರೆ. ದಾರ ಹಿಡಿದು ಅಳೆದು ಹೊಸ ಕನ್ನಡಕವೂ ಬಂದಿದೆ. ಪಾರ್ಟಿಯವರ ಐದು ಸಾವಿರ ಹೋಗಿದೆ. ಹಳೇ ತಿಂಗಳ ಎಂಟ್ರಿಗಳನ್ನೆಲ್ಲಾ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ಹಾಕುತ್ತಾ ಕೂತಿದ್ದರು. ಇನ್ನೂ ಎರಡು ಕಡೆ ಮೂರು-ಎಂಟರ ಗೊಂದಲ ಸಿಕ್ಕಿದೆ. ಅದರಲ್ಲಿ ಒಂದು, ಗುಮಾಸ್ತರು ಊರಿಗೆ ಹೋಗಿದ್ದ ವಾರ ಸಾಹುಕಾರರೇ ಕೂತು ಹೊಡೆದದ್ದು!

"ಹುಡುಗನ್ನ ನೋಡೋದು ಏನಾತ್ರೀ?" ಎಂದು ಮೆಲ್ಲಗೆ ಕೇಳಿದೆ.

ಸಾಹುಕಾರರು ತಕ್ಕಡಿಯ ಕಡೆ ತಿರುಗಿದರು. "ಯಾವ ಹುಡುಗ? ಬೆಲ್ಲ ಎಷ್ಟು ಕಟ್ಲಿ ಹೇಳ್ರಿ."